ಏನಾದರೂ ಆದರೆ ಅವತ್ತೇ ವರದಿ

ಮುದುಕರಿರುವ ಮನೆಯಲ್ಲಿ ಏನೂ ಆಗದ ದಿನ ಅಂತ ಒಂದಿರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾನು ಭದ್ರಾವತಿ ಹಳೇ ಊರಿನ ಒಂದು ಆರೈಕೆ ನಿಲಯದಲ್ಲಿ ನರ್ಸ್ ಆಗಿದ್ದವಳು. ನೋಡಿಕೊಳ್ಳುವವರಿಲ್ಲದ ವಯಸ್ಸಾದವರು, ಬಹಳ ಕಾಲದ ಕಾಯಿಲೆಯವರು ಅಲ್ಲಿದ್ದರು. ಅಡುಗೆಗೆ, ಉಳಿದ ಕೆಲಸಕ್ಕೆ ಒಬ್ಬಳು ಆಯಾ. ನಮ್ಮನ್ನು ಆಳುತ್ತಿದ್ದ ಕಮಿಟಿ ಮಾತ್ರ ಶಿವಮೊಗ್ಗದಲ್ಲಿ.

ಒಮ್ಮೆ ಒಬ್ಬ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡರು. ಈ ಸುದ್ದಿ ಕಮಿಟಿಯ ಸೆಕ್ರೆಟರಿಗೆ ಎಷ್ಟೋ ದಿನದ ಮೇಲೆ, ಅದೂ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಯಾರೋ ಹೇಳಿ ಗೊತ್ತಾಯಿತು. ಮರುದಿನವೇ ಬಂದು ಕೂತರು.

"ಇನ್ನು ಮೇಲೆ ಏನೇ ಘಟನೆ ಆಗಲಿ, ಏನೇ ಬದಲಾವಣೆ ಆಗಲಿ, ಅವತ್ತೇ ನನಗೆ ವರದಿ ಬರಬೇಕು. ಮುಖ್ಯವೋ ಅಲ್ಲವೋ ಅಂತ ನೋಡೋದು ನಿಮ್ಮ ಕೆಲಸ ಅಲ್ಲ, ನನ್ನದು!"

ಮನುಷ್ಯ ಕಟ್ಟುನಿಟ್ಟು, ಆದರೆ ಮುದುಕರೆಂದರೆ ಜೀವ. ನಾನೂ ಉತ್ಸಾಹದಿಂದ ಶುರು ಮಾಡಿದೆ. ಬರೆದದ್ದನ್ನು ಶಿವಮೊಗ್ಗ ಬಸ್ಸಿನ ಕಂಡಕ್ಟರ್ ಸಾಹೇಬರ ಕೈಗೆ ಕೊಟ್ಟರೆ ಆಯಿತು, ಆಫೀಸಿಗೆ ಮುಟ್ಟಿಸುತ್ತಿದ್ದರು.

ಉಗ್ರಾಣದ ಹೆರಿಗೆ

ಮೊದಲ ವಾರವೇ ಎಡವಟ್ಟು. ಬೆಳಿಗ್ಗೆ ಬಸ್ಸು ಹೊರಡುವ ಹೊತ್ತಿಗೆ ಆಯಾ ಓಡಿ ಬಂದು ಸುದ್ದಿ ಹೇಳಿದಳು. ನಾನು ನಿಂತಲ್ಲೇ ಬರೆದು ಕೊಟ್ಟೆ: "ಉಗ್ರಾಣದಲ್ಲಿ ಅಕ್ಕಿ ಮೂಟೆಯ ಹಿಂದೆ ಹೆರಿಗೆಯಾಗಿದೆ. ತಾಯಿ, ಮಕ್ಕಳು ಕ್ಷೇಮ."

ಸಂಜೆ ಬಸ್ಸಿಗೇ ಉತ್ತರ ಬಂತು. ಅಕ್ಷರಗಳೇ ನಡುಗುತ್ತಿದ್ದವು. "ಇದು ವೃದ್ಧರ ನಿಲಯ! ಬಸುರಿಯನ್ನು ಯಾರ ಅನುಮತಿಯಿಂದ ಸೇರಿಸಿಕೊಂಡಿರಿ? ಉಗ್ರಾಣದಲ್ಲಿ ಯಾಕೆ ಮಲಗಿಸಿದಿರಿ? ಗಂಡನ ವಿಳಾಸ ತಕ್ಷಣ ಕಳಿಸಿ."

ಆಗ ಗೊತ್ತಾಯಿತು, ಅವಸರದಲ್ಲಿ ಒಂದು ಪದ ಬಿಟ್ಟುಹೋಗಿದೆ ಅಂತ. ಮರುದಿನ ವಿಧೇಯಳಾಗಿ ಬರೆದೆ: "ಹೆತ್ತದ್ದು ಬೆಕ್ಕು. ಗಂಡ ಹಿಂದಿನ ಗೋಡೆಯ ಮೇಲೆ ಓಡಾಡಿಕೊಂಡಿರುತ್ತಾನೆ. ಕರೆದರೆ ಬರುವುದಿಲ್ಲ. ವಿಳಾಸ ಹೇಳುವುದು ಕಷ್ಟ."

ಒಂದು ಅಕ್ಷರ

ಇದಾದ ಮೇಲೆ ಸೆಕ್ರೆಟರಿ, "ಜರೂರಾದದ್ದನ್ನು ಬರೆಯಬೇಡಿ, ಫೋನ್ ಮಾಡಿ" ಅಂದರು. ನಮ್ಮಲ್ಲಿ ಫೋನೆಲ್ಲಿ? ಬೀದಿ ಕೊನೆಯ ಬಟ್ಟೆ ಅಂಗಡಿಯಲ್ಲಿತ್ತು. ಅದರಲ್ಲಿ ಮಾತಾಡುವುದೆಂದರೆ ಹೊಳೆಯ ಆಚೆ ದಡಕ್ಕೆ ಕೂಗಿದ ಹಾಗೆ.

ಒಂದು ದಿನ ಬಚ್ಚಲಿಗೆ ಹಾವು ನುಗ್ಗಿತು. ಮನೆಯೆಲ್ಲ ಹಾಹಾಕಾರ! ಸುದ್ದಿ ಮುಟ್ಟಿಸಲು ನಾನು ಅಂಗಡಿಗೆ ಓಡಿದೆ.

"ಸಾರ್! ಹಾವು ಸಾರ್, ಹಾವು!"

"ಅಯ್ಯೋ ದೇವರೇ, ಸಾವೇ? ಎಷ್ಟು ಹೊತ್ತಾಯ್ತು?"

"ಈಗ ತಾನೇ ಸಾರ್."

"ವಯಸ್ಸೆಷ್ಟು?"

ಎಂಥ ಪ್ರಶ್ನೆ ಅನ್ನಿಸಿತು. "ವಯಸ್ಸು ಗೊತ್ತಿಲ್ಲ ಸಾರ್. ಒಳ್ಳೇ ಉದ್ದ ಇದೆ!"

"ಛೇ, ಈಗ ಎಲ್ಲಿದೆ?"

"ಬಚ್ಚಲಲ್ಲೇ ಸಾರ್, ಹಂಡೆ ಪಕ್ಕ."

"ಬಚ್ಚಲಲ್ಲೇ ಬಿಟ್ಟಿದ್ದೀರಾ? ಹೊರಗೆ ತಂದು ಹಾಲ್‌ನಲ್ಲಿ ಮಲಗಿಸೋದು ಬೇಡ್ವೇನ್ರೀ?"

"ಮುಟ್ಟೋಕೆ ಎಲ್ಲರಿಗೂ ಭಯ ಸಾರ್!"

"ನಾಚಿಕೆಯಾಗಬೇಕು ನಿಮಗೆ. ನಾನೇ ಬರ್ತೀನಿ!"

ಎಂಥ ಧೈರ್ಯವಂತರಪ್ಪಾ ಅಂದುಕೊಂಡೆ. ಅವರು ಬರುವಷ್ಟರಲ್ಲಿ ಹಾವು ಬಂದ ದಾರಿಯಲ್ಲೇ ಹೊರಟುಹೋಗಿತ್ತು. ಟ್ಯಾಕ್ಸಿಯಿಂದ ಇಳಿದ ಸೆಕ್ರೆಟರಿಯ ಕೈಯಲ್ಲಿ ದೊಡ್ಡ ಹೂವಿನ ಹಾರ, ಕಣ್ಣಲ್ಲಿ ನೀರು. "ಎಲ್ಲಿ?" ಅಂದರು. "ಹೋಯ್ತು ಸಾರ್, ಗದ್ದೆ ಕಡೆಗೆ ಹರಿದುಕೊಂಡು ಹೋಯ್ತು" ಅಂದಳು ಆಯಾ.

ಅವರ ಮುಖ ನೋಡಬೇಕಿತ್ತು! ವಿಷಯ ತಿಳಿದ ಮೇಲೆ ಹಾರ ಹಿಡಿದು ಏನು ಮಾಡುವುದೆಂದು ತೋಚದೆ ನಿಂತಿದ್ದರು. ಬಚ್ಚಲಲ್ಲಿ ಜಾರಿ ಬಿದ್ದಿದ್ದ ಆ ಅಜ್ಜಿಯೇ ಕೋಲೂರಿಕೊಂಡು ಬಂದು ಕತ್ತು ಚಾಚಿದರು. "ಇಲ್ಲಿ ಹಾಕಪ್ಪ. ಆಮೇಲೆ ಹಾಕಿದರೆ ನನಗೇನು ಕಾಣುತ್ತಾ?"

ಕಾಣೆಯಾದವರು

ಇದನ್ನು ನೆನೆಸಿಕೊಂಡರೆ ಇವತ್ತೂ ಎದೆ ಡವಡವ ಅನ್ನುತ್ತದೆ, ಆಮೇಲೆ ನಗು ತಡೆಯೋಕಾಗಲ್ಲ.

ನಮ್ಮಲ್ಲಿ ಒಬ್ಬ ಅಜ್ಜ ಇದ್ದರು. ಬೆಳ್ಳಗಿನ ದೊಡ್ಡ ಮೀಸೆ. ಓದು ಬರಹ ಬಾರದು. ಒಂದು ಬೆಳಿಗ್ಗೆ ಕಾಫಿಗೆ ಕರೆದರೆ ಅಜ್ಜ ಇಲ್ಲ! ಹಾಸಿಗೆ ಖಾಲಿ, ಹಿತ್ತಿಲು ಖಾಲಿ. ಹೊಳೆ ತುಂಬಿ ಹರಿಯುತ್ತಿದ್ದ ಕಾಲ. ಬಟ್ಟೆ ಅಂಗಡಿಯ ಫೋನ್ ಸತ್ತಿತ್ತು. ಅಜ್ಜನ ಗುರುತನ್ನೆಲ್ಲ ಗೀಚಿ, ಹೊರಟಿದ್ದ ಬಸ್ಸಿನ ಹಿಂದೆ ಓಡಿ ಕಂಡಕ್ಟರ್ ಸಾಹೇಬರ ಕೈಗೆ ತುರುಕಿದೆ. ಆಮೇಲೆ ಆಯಾಳನ್ನು ಕರೆದುಕೊಂಡು ಹೊಳೆ ದಂಡೆಗೆ ಹೋದೆ. ಬಟ್ಟೆ ಒಗೆಯುವವರನ್ನೆಲ್ಲ ಕೇಳಿದೆವು. ಯಾರೂ ನೋಡಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ.

ಅತ್ತ ಆದದ್ದು ಬೇರೆ. ಅದೇ ಬಸ್ಸಿಗೆ ಮುಂದಿನ ಸ್ಟಾಪಿನಲ್ಲಿ ಅಜ್ಜ ಹತ್ತಿದ್ದರು! ಕಂಡಕ್ಟರ್ ಸಾಹೇಬರು, "ಎಲ್ಲಿಗಜ್ಜಾ?" ಅಂದರೆ, "ಸೆಕ್ರೆಟರಿಗಳ ಆಫೀಸಿಗೆ" ಅಂದರಂತೆ. "ಒಳ್ಳೇದಾಯ್ತು ಮಾರಾಯ್ರೆ, ನಿಮ್ಮ ಸಿಸ್ಟರಮ್ಮನ ಕಾಗದ ಇದೆ, ನೀವೇ ಕೊಟ್ಟುಬಿಡಿ."

ಅಜ್ಜ ಜೋಪಾನವಾಗಿ ತಂದುಕೊಟ್ಟರು. ಸೆಕ್ರೆಟರಿ ತಲೆ ಎತ್ತದೆ ಗಟ್ಟಿಯಾಗಿ ಓದಿದರು: "ನಿಲಯದ ಅಜ್ಜ ಬೆಳಿಗ್ಗೆಯಿಂದ ಕಾಣೆ. ದೊಡ್ಡ ಬಿಳಿ ಮೀಸೆ, ಖಾಕಿ ಷರ್ಟು, ಎಡಗೆನ್ನೆಯ ಮೇಲೆ ಮಚ್ಚೆ..." ಗಾಬರಿಯಲ್ಲಿ ನಾನು ಹೆಸರನ್ನೇ ಬರೆದಿರಲಿಲ್ಲ.

"ಅಯ್ಯೋ ಪಾಪ!" ಅಂದರು ಅಜ್ಜ. "ಹೊಳೆ ಬೇರೆ ತುಂಬಿದೆ. ಏಳಿ ಸ್ವಾಮಿ, ಪೋಲೀಸಿಗೆ ಹೇಳೋಣ!"

ಇಬ್ಬರೂ ಓಡಿದರು. ಸ್ಟೇಷನ್ನಿನಲ್ಲಿ ಸೆಕ್ರೆಟರಿ ಗುರುತು ಹೇಳುತ್ತಿದ್ದರೆ, ದಫೇದಾರರು ಒಮ್ಮೆ ಕಾಗದ ನೋಡಿದರು, ಒಮ್ಮೆ ಪಕ್ಕದಲ್ಲಿದ್ದವರ ಕೆನ್ನೆ ನೋಡಿದರು. "ಇವರು ಯಾರು ಸ್ವಾಮಿ?"

"ಇವರಾ? ವರದಿ ತಂದವರು" ಎಂದು ಸೆಕ್ರೆಟರಿ ತಿರುಗಿದರು. ತಿರುಗಿದವರು ಹಾಗೇ ಬೆಂಚಿನ ಮೇಲೆ ಕುಸಿದರು.

ಅಜ್ಜ ಹೇಳದೆ ಹೋದದ್ದು ಯಾಕೆ ಗೊತ್ತೇ? ನನಗೆ ಆ ವಾರವೆಲ್ಲ ಜ್ವರ. ಹಾಗೇ ಕೆಲಸ ಮಾಡುತ್ತಿದ್ದೆ. "ನಮಗೆ ಸೀನು ಬಂದರೂ ವರದಿ ಮಾಡ್ತಾರೆ, ಅವರ ಜ್ವರದ ವರದಿ ಯಾರು ಮಾಡಬೇಕು ಸ್ವಾಮಿ?" ಎಂದು ಸೆಕ್ರೆಟರಿಯನ್ನು ಕೇಳಿದರಂತೆ.

ಸಂಜೆ ಬಸ್ಸಿನಿಂದ ಸೆಕ್ರೆಟರಿಯ ಜೊತೆ ಅಜ್ಜ ಇಳಿದಾಗ ನಾನು ಓಡಿ ಹೋಗಿ ಅವರ ಕೈ ಹಿಡಿದುಕೊಂಡು ಅತ್ತೆ. ಅಜ್ಜ ಮೀಸೆ ತೀಡಿಕೊಂಡು ಸಮಾಧಾನ ಹೇಳಿದರು:

"ಅಳಬೇಡಿ ಸಿಸ್ಟರಮ್ಮ. ಆ ಮುದುಕ ಸಿಕ್ಕಿದ. ಸ್ಟೇಷನ್‌ವರೆಗೂ ನಾನೇ ಕರಕೊಂಡು ಹೋಗಿದ್ದೆ!"