ಹಾಟ್ ಪ್ರೆಸ್ಸಿಗೆ ಬಂದ ಕಡಲಹಕ್ಕಿ

ಇಡ್ಲಿಗೆ ಉದ್ದು ರುಬ್ಬುತ್ತಿದ್ದೆ. ಅಕ್ಕನ ಫೋನು. "ನಿಮ್ಮ ಏರಿಯಾ, ಲೂಕನ್ ಹತ್ರ ಬಂದೆ ಕಣೆ. ಕೈಯಲ್ಲಿ ಡಬ್ಬ ಇರುತ್ತೆ, ಬಾಗಿಲು ತೆಗೆದಿಡು."

ಬೇರೆಯವರು ಡಬ್ಬ ತಂದರೆ ಅದರಲ್ಲಿ ಚಕ್ಕುಲಿ ಇರುತ್ತದೆ. ನಮ್ಮ ಅಕ್ಕ ತಂದರೆ ಅದು ಕಚ್ಚುತ್ತದೆ!

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನನ್ನ ವಾರಗಿತ್ತಿ. ಡಬ್ಲಿನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು. ಉಳಿದ ಡಾಕ್ಟರುಗಳು ರಜೆ ಸಿಕ್ಕರೆ ನಿದ್ದೆ ಮಾಡುತ್ತಾರೆ. ಇವರು ಗಾಯಗೊಂಡ ಹಕ್ಕಿ, ಪ್ರಾಣಿಗಳನ್ನು ಉಳಿಸುವ ಸ್ವಯಂಸೇವಕರ ಜೊತೆ ಸುತ್ತುತ್ತಾರೆ. ನಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ಹಿಂದಿನ ಸೀಟಿನಲ್ಲಿ ಹಂಸವೊಂದನ್ನು ಕೂರಿಸಿಕೊಂಡು ಬಂದಿದ್ದರು. ಊಟ ಮುಗಿದರೂ ಕಾರಿನಿಂದ ಇಳಿಯಲಿಲ್ಲ. ಹಂಸವಲ್ಲ, ಅಕ್ಕ! ಹೋಳಿಗೆಯ ತಟ್ಟೆಯನ್ನು ಕಾರಿಗೇ ಕಳಿಸಿದೆ. ಇನ್ನೊಮ್ಮೆ ಅವರು ತಂದ, ಮೈಯೆಲ್ಲ ಮುಳ್ಳಿನ ಪುಟ್ಟ ಹೆಜ್‌ಹಾಗಿಗೆ ನಾನು ನಾಗಪ್ಪನಿಗೆ ಎರೆಯುವಷ್ಟು ಶ್ರದ್ಧೆಯಿಂದ ಹಾಲಿಟ್ಟೆ. "ಹಾಲು ಕುಡಿದ್ರೆ ಭೇದಿಯಾಗಿ ಸಾಯುತ್ತೆ. ಭಕ್ತಿಯಿಂದಾನೇ ಕೊಲ್ತೀಯೇನೆ?" ಎಂದು ಬೈಸಿಕೊಂಡೆ.

ಈ ಸಲ ಬಿರುಗಾಳಿ ದಡಕ್ಕೆ ಎಸೆದ ಗಿಲ್ಲೆಮಾಟ್ ಎಂಬ ಕಡಲಹಕ್ಕಿ. ಮೇಲೆ ಕಪ್ಪು, ಎದೆ ಬಿಳಿ, ಥೇಟ್ ವಕೀಲರು! ಅದು ಬೆಚ್ಚಗೆ, ಕತ್ತಲಲ್ಲಿ, ಸದ್ದಿಲ್ಲದೆ ಇರಬೇಕಂತೆ. ಕ್ಯಾಸಲ್‌ನಾಕ್‌ನ ಅಕ್ಕನ ಹೊಸ ಮನೆಯಲ್ಲಿ ಅಂಥ ಜಾಗವಿಲ್ಲ. ನಮ್ಮ ಹಳೇ ಮನೆಯಲ್ಲಿ ಹಾಟ್ ಪ್ರೆಸ್ ಇದೆ. ಬಿಸಿನೀರಿನ ಹಂಡೆಯಿರುವ ಈ ಬೀರುವಿನಲ್ಲಿ ಐರಿಷರು ಟವೆಲ್ ಇಡುತ್ತಾರೆ, ನಾನು ಇಡ್ಲಿ ಹಿಟ್ಟು ಹುದುಗಲು ಇಡುತ್ತೇನೆ.

"ಅಕ್ಕಾ, ಹಿಟ್ಟು ಎಲ್ಲಿಡ್ಲಿ?"

"ಹಿಟ್ಟಿಗೆ ಜೀವ ಇದೆಯೇನೆ?"

"ಇಲ್ದಿದ್ರೆ ಹೇಗೆ ಉಬ್ಬುತ್ತೆ?"

ವಾದ ಗೆದ್ದದ್ದು ನಾನು. ಆದರೂ ಹೊರಗೆ ಬಂದದ್ದು ಹಿಟ್ಟೇ! ಮರುದಿನದ ಇಡ್ಲಿ ಕಲ್ಲಾಯಿತು. "ಇಟ್ಸ್ ಗ್ರ್ಯಾಂಡ್, ಮ್ಯಾಮ್," ಎಂದು ಮಗಳು ಐರಿಷ್ ಧಾಟಿಯಲ್ಲಿ ಅಮ್ಮನಿಗೆ ಸಮಾಧಾನ ಹೇಳಿದಳೇ ಹೊರತು ತಿನ್ನಲಿಲ್ಲ.

ಡಬ್ಬವನ್ನು ಒಳಗಿಟ್ಟ ದಿನವೇ, ಪಾಪ, ಹಕ್ಕಿಗೆ ಒಂದು ಉದ್ಧರಣೆ ತೀರ್ಥ ಬಿಡಲೇ ಎಂದಿದ್ದೆ. "ಶ್ವಾಸಕೋಶಕ್ಕೆ ಹೋದ್ರೆ ನೇರ ವೈಕುಂಠ! ಹಾಗೆ ನೋಡ್ಬೇಡ ಬೇರೆ. ನೀನು ಪ್ರೀತಿಯಿಂದ ನೋಡಿದ್ರೂ, ತಿನ್ನೋಕೆ ನೋಡ್ತಿದ್ದಾಳೆ ಅಂದ್ಕೊಳ್ಳುತ್ತೆ."

ಅದು ಏನನ್ನೂ ಮುಟ್ಟಿರಲಿಲ್ಲ. ಅಂದು ಹೊರಡುವಾಗ ಅಕ್ಕನ ದನಿ ಇಳಿಯಿತು. "ನಾಳೆ ಸಂಜೆಯೊಳಗೆ ತಿನ್ನದಿದ್ರೆ ಉಳಿಯಲ್ಲ. ನಾನು ಡ್ಯೂಟಿಯಲ್ಲಿರ್ತೀನಿ. ಮೀನು ನೀನೇ ಅದರ ಬಾಯಿಗೆ ಹಿಡೀಬೇಕು."

ನಾನು! ಅಂಗಡಿಯಲ್ಲಿ ಮೊಟ್ಟೆಯ ಸಾಲನ್ನೂ ಬಳಸಿ ನಡೆಯುವವಳು!

ಮರುದಿನ ಮಧ್ಯಾಹ್ನ ಮಾಸ್ಕ್, ಕೈಗವಸು ತೊಟ್ಟು ಅಕ್ಕ ಬಿಟ್ಟುಹೋಗಿದ್ದ ಬೆರಳುದ್ದದ ಮೂರು ಮೀನುಗಳನ್ನು ತಟ್ಟೆಗೆ ಹಾಕಿಕೊಂಡೆ. ಆಗಲೇ ನಮ್ಮ ಭಜನೆ ಮಂಡಳಿಯ ಹಿರಿಯ ಆಂಟಿ ಬರಬೇಕೆ? ಶನಿವಾರದ ಭಜನೆ ನಮ್ಮ ಮನೆಯಲ್ಲಿ ನಿಗದಿಯಾಗಿತ್ತು.

"ಶಿವ ಶಿವಾ! ದೀಪ ಹಚ್ಚೋ ಕೈಯಲ್ಲಿ ಮೀನಾ?"

"ಹೌದು ಆಂಟಿ, ಇದೇ ಕೈ. ಸಂಜೆ ದೀಪಾನೂ ಇದೇ ಹಚ್ಚುತ್ತೆ. ಹಸಿದವರಿಗೆ ಅವರ ಊಟ ಬಡಿಸಿದ್ರೆ ಮೈಲಿಗೆ ಅಂತ ನನ್ನ ದೇವರು ಹೇಳಿಲ್ಲ."

"ಹಾಗಾದ್ರೆ ಶನಿವಾರ ಇಲ್ಲಿ ಬೇಡ ಬಿಡು."

"ಬೇಡವೇ ಬೇಡ. ಹಕ್ಕಿಗೆ ತಾಳದ ಸದ್ದಾಗಲ್ಲ."

ನಲವತ್ತು ಜನರ ಅಡುಗೆ ತಪ್ಪಿತು! ಕೇಳದೆಯೇ ಸಿಕ್ಕ ಉಪಕಾರ, ದೇವರು ದೊಡ್ಡವನು.

ಹಾಟ್ ಪ್ರೆಸ್ ಬಾಗಿಲನ್ನು ಸ್ವಲ್ಪವೇ ತೆರೆದೆ. ಮೀನಿನ ಬಾಲ ಹಿಡಿದು ಒಳಗೆ ಚಾಚಿ, ನನ್ನ ಮುಖ ಗೋಡೆಗೆ ತಿರುಗಿಸಿದೆ. ಅದೂ ಹೆದರಬಾರದು, ನಾನೂ ಹೆದರಬಾರದು! "ಅನ್ನಪೂರ್ಣೆ, ಇದು ನಿನ್ನ ಕೆಲಸ ತಾಯಿ," ಎಂದೆ. ಮೊಣಕಾಲು ಜೋಮು ಹಿಡಿಯುವಷ್ಟು ಹೊತ್ತು ಕೂತೆ. ಬೆರಳಿಗೊಂದು ಎಳೆತ. ತಿರುಗಿದರೆ ಮೀನಿಲ್ಲ.

ಸಂಜೆ ಅಕ್ಕ ಚಪ್ಪಲಿಯನ್ನೂ ಬಿಡದೆ ಒಳಬಂದರು.

"ಮೂರೂ ತಿಂತು, ಅಕ್ಕಾ."

ಏನಾದರೊಂದು ತಪ್ಪು ಹುಡುಕಿ ಬೈಯುತ್ತಾರೆಂದು ಕಾದೆ. ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. "ಈ ಬಿರುಗಾಳೀಲಿ ದಡದಿಂದ ನಾಲ್ಕು ಹಕ್ಕಿ ಎತ್ಕೊಂಡು ಬಂದೆ ಕಣೆ. ತಿಂದಿದ್ದು ಇದೊಂದೇ."

ನಾಲ್ಕು ಸಲ ಸೋಪು ಹಾಕಿದ್ದರೂ ನನಗೇ ವಾಸನೆಯೆನಿಸುತ್ತಿದ್ದ ನನ್ನ ಕೈಯನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡರು. ಕೆನ್ನೆ ಒದ್ದೆಯಾಗಿತ್ತು. ಅವರು ಬಿಡುವವರೆಗೆ ನಾನು ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ಹಕ್ಕಿ ಹೊಲಸು ಮಾಡಿದ್ದ ಟವೆಲ್ಲುಗಳನ್ನು ಬಕೆಟ್ಟಿಗೆ ಹಾಕಿ ನೆನೆಸಿದೆ.