ಲಾಟೀನು ಕಂಪನಿಗಾಗಿ ಉಪವಾಸ

1998ರ ಜೂನ್ ತಿಂಗಳ ಒಂದು ಸೋಮವಾರ ನಡೆದದ್ದನ್ನು ಕ್ರಮವಾಗಿ ಹೇಳುವುದಾದರೆ, ಮೊದಲು ಪತ್ರಿಕೆ ಬಂತು, ಅನಂತರ ಕಣ್ಣೀರು ಬಂತು, ಕೊನೆಗೆ ಬಕ್ಕೇಶಪ್ಪನವರು ಬಂದರು. ಕಣ್ಣೀರಿಗೂ ಬಕ್ಕೇಶಪ್ಪನವರಿಗೂ ನಡುವೆ ಮನೆಯೊಡತಿ ಸರ್ವಮಂಗಳಮ್ಮ ಬಾರದೆ ಇದ್ದಿದ್ದರೆ ನಾಗಭೂಷಣನಿಗೆ ಆ ದಿನ ಕೆಲಸ ಸಿಕ್ಕಿಬಿಡುವ ಸಾಧ್ಯತೆಯಿತ್ತು. ಕನಿಷ್ಠಪಕ್ಷ ಅವನು ಹಾಗೆಂದು ನಂಬಿದ್ದನು.

ನಾಗಭೂಷಣ ರಸಾಯನಶಾಸ್ತ್ರದ ಪದವೀಧರ, ಪ್ರಥಮ ದರ್ಜೆ. ಪದವಿ ಮುಗಿದು ಎರಡು ವರ್ಷವಾದರೂ ದಾವಣಗೆರೆಯ ವಿದ್ಯಾನಗರದ ಕಂಪ್ಯೂಟರ್ ಸೆಂಟರೊಂದರಲ್ಲಿ ಹಂಗಾಮಿಯಾಗಿ ಪಾಠ ಹೇಳಿಕೊಂಡಿದ್ದನು. ಅಂದು ಮಧ್ಯಾಹ್ನ ಮೂರಕ್ಕೆ ಹರಿಹರದ ಒಂದು ಕಾರ್ಖಾನೆಯಲ್ಲಿ ಸಹಾಯಕ ರಸಾಯನಶಾಸ್ತ್ರಜ್ಞನ ಖಾಯಂ ಹುದ್ದೆಗೆ ಸಂದರ್ಶನ. ಅಂಗಿಗೆ ಇಸ್ತ್ರಿಯಾಗಿತ್ತು. ಅಂಕಪಟ್ಟಿಗಳು ವರ್ಷಾನುಕ್ರಮದಲ್ಲಿದ್ದವು. ಆಗ ಅವನು ಕಂಪ್ಯೂಟರ್ ಪತ್ರಿಕೆಯನ್ನು ತೆರೆದನು.

ಇಂಗ್ಲೆಂಡಿನ ‘ಟಿನ್ ಲ್ಯಾಂಟರ್ನ್’ ಎಂಬ ಕಂಪ್ಯೂಟರ್ ಆಟದ ಕಂಪನಿ ಮುಚ್ಚಿಹೋಗಿತ್ತು. ಆರೇ ಜನ ಸೇರಿ ನಡೆಸುತ್ತಿದ್ದ ಕಂಪನಿ ಅದು. ಅವರು ಮಾಡಿದ್ದ ಆಟದಲ್ಲಿ ಬಂದೂಕಿರಲಿಲ್ಲ, ಕಾರುಗಳಿರಲಿಲ್ಲ. ಆಡುವವನು ಒಂದು ದೀಪಸ್ತಂಭದ ಕಾವಲುಗಾರ. ರಾತ್ರಿಯಿಡೀ ದೀಪ ಆರದಂತೆ ನೋಡಿಕೊಂಡು ಹಡಗುಗಳನ್ನು ದಡ ಸೇರಿಸಬೇಕು, ಅಷ್ಟೆ. ಖಾಯಂ ಕೆಲಸವಿಲ್ಲದ ಎರಡು ವರ್ಷ ನಾಗಭೂಷಣನು ಯಾರಿಗಾದರೂ ಬೇಕಾದವನಾಗಿದ್ದರೆ, ಅದು ಆ ಹಡಗುಗಳಿಗೆ ಮಾತ್ರ. ದೊಡ್ಡ ಕಂಪನಿಯೊಂದು ಟಿನ್ ಲ್ಯಾಂಟರ್ನನ್ನು ಕೊಂಡುಕೊಂಡು, ವರ್ಷ ತುಂಬುವ ಮೊದಲೇ ಬಾಗಿಲು ಹಾಕಿತ್ತು. ಆ ಆಟದ ಎರಡನೆಯ ಭಾಗ ಇನ್ನು ಬರುವುದಿಲ್ಲ.

ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಬಂದ ಸರ್ವಮಂಗಳಮ್ಮ ಬಾಗಿಲಲ್ಲೇ ನಿಂತರು. "ಯಾಕಪ್ಪಾ, ಅಳಾಕತ್ತೀಯಲ್ಲ! ಊರಾಗ ಎಲ್ಲ ಆರಾಮ ಅದಾರಿಲ್ಲೋ?"

"ಊರಿಂದಲ್ಲಮ್ಮ. ಒಂದು ಕಂಪನಿ ಮುಚ್ಚಿತು. ವಿಡಿಯೊ ಗೇಮ್ ಮಾಡೋರದು."

ಮಿಲ್ಲುಗಳ ಊರಿನಲ್ಲಿ ಈ ವಾಕ್ಯದ ಮೊದಲರ್ಧವೇ ಸಾಕಾಗಿತ್ತು. ಅವರು ತಟ್ಟೆಯ ಸಮೇತ ಎದುರು ಮನೆಗೆ ಹೋದರು.

ಎದುರು ಮನೆಯ ಬಕ್ಕೇಶಪ್ಪನವರು ಹತ್ತಿ ಮಿಲ್ಲಿನ ಕಾರ್ಮಿಕ ಸಂಘದ ಅಧ್ಯಕ್ಷರಾಗಿದ್ದವರು. ಮಿಲ್ಲು ಮುಚ್ಚಿ ಮೂರು ವರ್ಷವಾಗಿದ್ದರೂ ಅಧ್ಯಕ್ಷಗಿರಿ ಮಾತ್ರ, ಎಂಜಿನ್ ಕಳಚಿದ ಮೇಲೂ ಇಳಿಜಾರಿನಲ್ಲಿ ಓಡುವ ಬೋಗಿಯಂತೆ, ಮುಂದುವರಿದಿತ್ತು. ಅವರು ಬಂದು ನಾಗಭೂಷಣನ ಮಾತನ್ನು, ಸಂದರ್ಶನದ ವಿಷಯದ ಸಮೇತ, ಪೂರ್ತಿ ಕೇಳಿದರು.

"ಕೊಂಡ್ಕಂಡು ಮುಚ್ಚಿದ್ರಾ? ನಮ್ಮ ಮಿಲ್ಲಿಗೂ ಹಿಂಗ ಮಾಡಿದ್ರು. ಎದ್ದೇಳು ತಮ್ಮಾ, ಗಾಂಧಿ ಸರ್ಕಲ್‌ನಾಗ ಕೂಡಾನ."

"ಸರ್, ಅದು ಇಂಗ್ಲೆಂಡಿನ ಕಂಪನಿ. ಆಟ ಮಾಡುವವರು."

"ಆಟ ಮಾಡೋರು ಕೂಲಿಯವರಲ್ಲೇನು? ಅವರಿಗೆ ಹೆಂಡ್ತಿ ಮಕ್ಕಳಿಲ್ಲೇನು? ಒಂದು ತಾಸು ಕೂಡು, ಅಲ್ಲಿಂದಲೇ ಹರಿಹರದ ಬಸ್ ಹತ್ತು. ನೊಂದವನು ಒಬ್ಬನಾದ್ರೂ ಕೂಡಬೇಕಪ್ಪ, ಇಲ್ಲಾಂದ್ರ ಅದು ಧರಣಿ ಅನ್ನಿಸಂಗಿಲ್ಲ."

ನಿರಾಕರಿಸಲು ನಾಗಭೂಷಣನ ಬಳಿ ಸಾಕಷ್ಟು ಕಾರಣಗಳಿದ್ದವು. ಆದರೆ ಆ ಆರು ಜನರಿಗಾಗಿ ದಾವಣಗೆರೆಯಲ್ಲಿ ಇನ್ನೊಬ್ಬರು ಮರುಗಿದ್ದು ಅದೇ ಮೊದಲು. ಅವನು ಅಂಕಪಟ್ಟಿಗಳನ್ನು ಕಂಕುಳಲ್ಲಿಟ್ಟುಕೊಂಡು ಹೊರಟನು.

ಶಾಮಿಯಾನ ಬಾಡಿಗೆಗೆ ಕೊಡುವ ಮಸ್ತಾನಸಾಬರು ಪುಕ್ಕಟೆಯಾಗಿ ಚಪ್ಪರ ಹಾಕಿಕೊಟ್ಟರು. ಹಳೆಯ ಬ್ಯಾನರಿನಲ್ಲಿ ಮಿಲ್ಲಿನ ಹೆಸರಿನ ಮೇಲೆ ಕಾಗದ ಅಂಟಿಸಿ ‘ಲಾಟೀನು ಕಂಪನಿ’ ಎಂದು ಬರೆಯಲಾಯಿತು. ಕೆಲಸ ಕಳೆದುಕೊಂಡಿದ್ದ ಮಿಲ್ಲಿನವರು ಒಬ್ಬೊಬ್ಬರಾಗಿ ಬಂದು ಅಭ್ಯಾಸಬಲದಿಂದ ಸಾಲಾಗಿ ಕುಳಿತರು. ಯಾವ ಕಂಪನಿಯೆಂದು ಯಾರೂ ಕೇಳಲಿಲ್ಲ. ನಾಗಭೂಷಣನ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ಕೈಗೆ ಮೈಕು ಬಂದವು. ಅವನು ಹಡಗುಗಳ ಬಗ್ಗೆ ಮಾತಾಡಿದನು. ದೀಪಕ್ಕೆ ಎಣ್ಣೆ ತೀರಿದ ರಾತ್ರಿ ಕಾವಲುಗಾರನು ತನ್ನ ಕುರ್ಚಿಯನ್ನೇ ಒಡೆದು ಉರಿಸುವುದನ್ನು ವಿವರಿಸುವಾಗ ನೂಲು ಸುತ್ತುವ ವಿಭಾಗದ ಕೊಟ್ರವ್ವ ಸೆರಗಿನಿಂದ ಮೂಗೊರೆಸಿಕೊಂಡಳು.

"ಆ ಆರು ಹುಡುಗ್ರು ಈಗೇನು ಮಾಡ್ತಾರಪ್ಪ?"

"ಗೊತ್ತಿಲ್ಲಮ್ಮ."

"ನಮ್ಮಂಗ ಕುಂತಿರ್ತಾರ, ಬಿಡು."

ಒಂದು ತಾಸು ಕಳೆಯಿತು. ನಾಗಭೂಷಣನು ಎದ್ದು ನಿಂತೊಡನೆ ಬಕ್ಕೇಶಪ್ಪನವರು ಅವನ ಅಂಗಿ ಹಿಡಿದು ಕೂರಿಸಿದರು.

"ಎಲ್ಲಿಗೆ? ಉಪವಾಸ ಕೂತೋನು ತಾನಾಗೇ ಏಳಂಗಿಲ್ಲ. ಸರಕಾರದೋರು ಬಂದು ಪಾನಕ ಕೊಡಬೇಕು."

"ಉಪವಾಸಾನಾ? ನೀವು ಧರಣಿ ಅಂದಿದ್ರಿ!"

"ಮುಂಜಾನಿಂದ ಏನರೆ ತಿಂದೀಯೇನು? ಇಲ್ಲ. ಮತ್ತ ಉಪವಾಸ ಆತಲ್ಲ."

ಅಧಿಕಾರಿಗಳೆಲ್ಲ ಯಾವುದೋ ಸಭೆಯಲ್ಲಿದ್ದರು. ಬಿಸಿಲೇರಿತು. ನಾಗಭೂಷಣನ ಇಸ್ತ್ರಿ ಇಳಿಯಿತು. ಹರಿಹರದ ಬಸ್ಸುಗಳು ಅವನ ಕಣ್ಣೆದುರೇ, ಕರೆಯದ ಬೀಗರಂತೆ ಮುಖ ತಿರುಗಿಸಿಕೊಂಡು ಹೋದವು. ಕೊನೆಗೆ ಪಕ್ಕದ ಅಂಗಡಿಯಲ್ಲಿ ಮಿರ್ಚಿ ತಿನ್ನುತ್ತಿದ್ದ ಒಬ್ಬ ಗ್ರಾಮ ಲೆಕ್ಕಿಗನನ್ನು ಮಸ್ತಾನಸಾಬರು ಪತ್ತೆಹಚ್ಚಿ ಎಳೆತಂದರು. "ಸರಕಾರಿ ನೌಕರಿ ಐತಲ್ರಿ, ಸಾಕು. ಹೂಂ, ಕುಡಸ್ರಿ," ಎಂದರು. ಲೆಕ್ಕಿಗನು ಎಣ್ಣೆಗೈಯಲ್ಲೇ ನಾಗಭೂಷಣನಿಗೆ ಗೋಲಿಸೋಡಾ ಕುಡಿಸಿದನು. ಲಾಟೀನು ಕಂಪನಿಯನ್ನು ಮತ್ತೆ ತೆರೆಸಲು ಪ್ರಯತ್ನಿಸುವುದಾಗಿ ಮೈಕಿನಲ್ಲಿ ಭರವಸೆಯನ್ನೂ ಕೊಟ್ಟನು. ಮಿಲ್ಲಿನವರಿಗೆ ಮೂರು ವರ್ಷದಲ್ಲಿ ದಕ್ಕಿದ ಮೊದಲ ಜಯ ಅದು. ಆ ಉತ್ಸಾಹದಲ್ಲಿ ಅವರೆಲ್ಲರೂ ನಾಗಭೂಷಣನ ಜೊತೆಗೇ ಬಸ್ಸು ಹತ್ತಿದರು.

"ನೀವ್ಯಾಕೆ ಬರ್ತೀರಿ? ಬ್ಯಾಡ್ರಿ, ಕೈ ಮುಗೀತೀನಿ!"

"ನಮ್ಮ ಸಲುವಾಗಿ ಕೂತೀಯ, ಒಬ್ಬನ್ನೇ ಹೆಂಗೆ ಕಳಸೋದು?"

ಕಾರ್ಖಾನೆಯ ಗೇಟಿನ ಮುಂದೆ ಅವರು ಮುಷ್ಟಿಯೆತ್ತಿ ಕೂಗಿದರು: "ನಾಗಭೂಷಣ್ ಅವರಿಗೆ ಜಯವಾಗಲಿ!" ಕೆಲಸ ಬೇಡಲು ಬಂದವನು ಗೇಟಿನಲ್ಲೇ ಕಾರ್ಮಿಕ ನಾಯಕನಾಗಿ ನಿಂತಿದ್ದನು. ಯಾವ ಕಾರ್ಖಾನೆಯೂ ಅಂಥವನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲವೆಂಬುದು ಅವನಿಗೆ ತಿಳಿದಿತ್ತು.

ಆದರೆ ಸಿಬ್ಬಂದಿ ವಿಭಾಗದ ಅಧಿಕಾರಿ ಎದ್ದು ನಿಂತು ಬರಮಾಡಿಕೊಂಡನು. ತಡವಾದುದರ ಬಗ್ಗೆ ಮಾತೇ ಎತ್ತಲಿಲ್ಲ. ಕಾಫಿ ಬಂತು, ಬಿಸ್ಕತ್ತು ಬಂತು. ಅಂಕಪಟ್ಟಿಗಳನ್ನು ಮುಟ್ಟಲೂ ಇಲ್ಲ.

"ಹೊರಗಿರೋರೆಲ್ಲ ನಿಮ್ಮ ಮಾತು ಕೇಳ್ತಾರಾ?"

ಇಲ್ಲಿ ತನ್ನ ಭವಿಷ್ಯವೇ ತೂಗುತ್ತಿದೆಯೆಂದು ನಾಗಭೂಷಣನಿಗೆ ಮನವರಿಕೆಯಾಯಿತು. ಆದ್ದರಿಂದ ಅವನು ಒಂದು ಹಂತವನ್ನೂ ಬಿಡದೆ ಸತ್ಯವನ್ನು ನಿರೂಪಿಸಿದನು: ಪತ್ರಿಕೆ, ಟಿನ್ ಲ್ಯಾಂಟರ್ನ್, ದೀಪಸ್ತಂಭ, ಗೋಲಿಸೋಡಾ. "ನಾನು ನಾಯಕನಲ್ಲ ಸರ್. ಯಾವ ಸಂಘದಲ್ಲೂ ಇಲ್ಲ. ಇವತ್ತು ಕೂತಿದ್ದು ಒಂದು ಆಟಕ್ಕೋಸ್ಕರ."

ಅಧಿಕಾರಿಯ ಮುಖ ಆರಿದ ಕಾಫಿಯಂತಾಯಿತು. "ಆಟಕ್ಕೋಸ್ಕರಾನಾ?" ಎಂದು ನಿಟ್ಟುಸಿರಿಟ್ಟನು. "ಛೇ. ನೋಡಿ, ನೀವು ಹೊರಗೆ ಹೇಳಿದ್ರೆ ನಾನು ಇಲ್ಲ ಅಂತೀನಿ. ದೀಪಾವಳಿ ಹೊತ್ತಿಗೆ ಈ ಕಾರ್ಖಾನೆ ಮುಚ್ತಾ ಇದೀವಿ. ಗಲಾಟೆ ಆಗದ ಹಾಗೆ ಜನಕ್ಕೆ ಸಮಾಧಾನ ಹೇಳೋಕೆ, ಅವರು ನಂಬೋ ಮನುಷ್ಯ ಒಬ್ಬ ಬೇಕಿತ್ತು. ನಿಮ್ಮನ್ನ ಗೇಟಲ್ಲಿ ನೋಡಿ ದೇವರೇ ಕಳಿಸಿದ ಅಂದ್ಕೊಂಡೆ."

"ಮತ್ತೆ ಲ್ಯಾಬಿನ ಕೆಲಸ?"

"ಲ್ಯಾಬಿಗೆ ಬೀಗ ಹಾಕಿ ಆರು ತಿಂಗಳಾಯ್ತು. ಯಾರಿಗೂ ಅನುಮಾನ ಬರದಿರಲಿ ಅಂತ ಆ ಹುದ್ದೆಯ ಹೆಸರಿಟ್ಟು ಕರೆದಿದ್ದು, ಅಷ್ಟೆ." ಅಧಿಕಾರಿ ಕಿಟಕಿಯತ್ತ ಬಾಗಿದನು. "ಘೋಷಣೆ ಕೂಗಿಸ್ತಿದ್ದಾರಲ್ಲ ಆ ಹಿರಿಯರು, ಅವರನ್ನ ಸ್ವಲ್ಪ ಒಳಗೆ ಕಳಿಸ್ತೀರಾ?"

ಬಕ್ಕೇಶಪ್ಪನವರು ಒಳಗೆ ಹೋದರು. ಹೊರಬಂದಾಗ ಅವರ ಕೈಯಲ್ಲಿ ಅದೇ ಹುದ್ದೆಯ ನೇಮಕಾತಿ ಪತ್ರವಿತ್ತು. ಅವರು ಮಿಲ್ಲಿನವರಿಂದ ದೂರಕ್ಕೆ ನಾಗಭೂಷಣನನ್ನು ಕರೆದೊಯ್ದರು.

"ಸರ್, ಅದು ಎಂಥ ಕೆಲಸ ಅಂತ ಹೇಳಿದ್ರಾ?"

"ಹೇಳಿದ್ರು ತಮ್ಮಾ." ಅವರು ಅವನ ಮುಖ ನೋಡಲಿಲ್ಲ. "ಮೂರು ವರ್ಷ ಖಾಲಿ ಕೂತೀನಿ. ಕಂಪನಿ ಹೆಂಗೆ ಮುಚ್ಚತಾರ ಅನ್ನೋದು ನನಗಿಂತ ಚೆಂದ ಯಾರಿಗೆ ಗೊತ್ತೈತೆ, ಹೇಳು?"

ಆ ಸೋಮವಾರ ಕಂಡುಬಂದದ್ದು ಇಷ್ಟು: ಹರಿಹರದಲ್ಲಿ ಸಹಾಯಕ ರಸಾಯನಶಾಸ್ತ್ರಜ್ಞನ ಹುದ್ದೆ ಭರ್ತಿಯಾಯಿತು, ಅದಕ್ಕೆ ರಸಾಯನಶಾಸ್ತ್ರ ಬೇಕಿರಲಿಲ್ಲ.