ನಮ್ಮನೆಯ ಹನ್ನೊಂದು ‘ಬೇಡಿ’ಗಳು

“ಒಂದೇ ವಾರದಲ್ಲಿ ಈ ಮನೆಗೆ ಶಿಸ್ತು ಕಲಿಸದಿದ್ದರೆ ನನ್ನ ಹೆಸರು ಬದಲಾಯಿಸಿಕೊಳ್ತೀನಿ!” ಎಂದು ನಡುಮನೆಯಲ್ಲಿ ನಿಂತು ಗುಡುಗಿದೆ.

“ಒಳ್ಳೆ ಹೆಸರಿಟ್ಕೊಳ್ಳಿ,” ಎಂದಳು ಹೆಂಡತಿ.

ನಾನೇನು ಸಾಮಾನ್ಯನೇ? ಬೋರ್ಡು ಬರೆಯುವವನು! ಊರಲ್ಲಿ ಎಲ್ಲಿ ಉಗುಳಬಾರದು, ಎಲ್ಲಿ ಗಾಡಿ ನಿಲ್ಲಿಸಬಾರದು, ಯಾವ ಗೋಡೆಯ ಪಕ್ಕ ಏನು ಮಾಡಬಾರದು ಎಂದು ಹೇಳುವುದು ಸರ್ಕಾರ ಅಂದುಕೊಂಡಿರಾ? ಅಲ್ಲ ಸ್ವಾಮಿ, ನನ್ನ ಕುಂಚ! ಅಂಥವನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಕಿಮ್ಮತ್ತಿಲ್ಲ.

ಅಂದೇ ಹನ್ನೊಂದು ಬೋರ್ಡು ಬರೆದು ನೇತುಹಾಕಿದೆ. ಗೇಟಿಗೆ ‘ಒಳಗೆ ಬರಬೇಡಿ’, ‘ಗಂಟೆ ಒತ್ತಬೇಡಿ’, ‘ಕೂಗಿ ಕರೆಯಬೇಡಿ’. ನನ್ನ ಕೆಲಸದ ಕೋಣೆಗೆ ‘ಬಾಗಿಲು ಮುಟ್ಟಬೇಡಿ’. ಅಮ್ಮ ‘ಇಲ್ಲಿ ಬಟ್ಟೆ ಒಣಹಾಕಬೇಡಿ’ ಎಂಬ ಬೋರ್ಡಿನ ಮೇಲೆಯೇ ಒದ್ದೆ ಟವೆಲ್ ಹರವಿ, “ಅನುಕೂಲವಾಯ್ತು ಕಣೋ, ಇನ್ನೊಂದು ಮಾಡ್ಕೊಡು,” ಎಂದಳು. ಹೆಂಡತಿ ಒಂದನ್ನೂ ಓದುವ ಕಷ್ಟ ತೆಗೆದುಕೊಳ್ಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಮಾರನೆಯ ದಿನ ಹತ್ತು ಗಂಟೆಗೆ ಹೊಸ ಗ್ರಂಥಾಲಯದ ಅಧಿಕಾರಿ ನನ್ನ ಕೈಚಳಕ ನೋಡಲು ಮನೆಗೇ ಬರುವವರಿದ್ದರು. ಒಪ್ಪಿದರೆ ಇಡೀ ಕಟ್ಟಡದ ಬೋರ್ಡುಗಳು ನನ್ನವು! ಮೂರು ತಿಂಗಳಿಂದ ಬಾಯಿ ಬಿಟ್ಟುಕೊಂಡು ಕಾದಿದ್ದ ಕೆಲಸ. ಕೋಣೆ ಲಕಲಕ ಹೊಳೆಯಲೆಂದು ಬೆಳಿಗ್ಗೆಯೇ ಬಾಗಿಲಿಗೂ ಚೌಕಟ್ಟಿಗೂ ಎನಾಮಲ್ ಬಳಿದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಾದರಿ ಬೋರ್ಡು ತಿದ್ದುತ್ತ ಕುಳಿತೆ.

ಹತ್ತಕ್ಕೆ ಐದು ನಿಮಿಷವಿದ್ದಾಗ ಎದ್ದು ಬಾಗಿಲು ಎಳೆದೆ. ಬರಲಿಲ್ಲ! ಬಣ್ಣ ಅಂಟಿ, ಬಾಗಿಲೂ ಚೌಕಟ್ಟೂ ಏಳು ಜನ್ಮದ ದಂಪತಿಗಳಾಗಿದ್ದವು.

“ಲೇ! ಬಾಗಿಲು ದೂಡೇ!”

“ಮುಟ್ಟಬೇಡಿ ಅಂತ ಬರ್ದಿದೆಯಲ್ರೀ,” ಹೊರಗಿನಿಂದ ಹೆಂಡತಿಯ ದನಿ. ಆ ಬೋರ್ಡನ್ನು ಅವಳು ಓದಿದ್ದು ಅದೇ ಮೊದಲು!

“ಬರೆದೋನು ನಾನೇ! ಮುಟ್ಟು!”

“ಹಾಗಾದ್ರೆ ಬೇಡಿ.”

“ಏನು ಬೇಡ?”

“ಬೇಡ ಅಲ್ಲರೀ, ಬೇಡಿ! ಊರಿಗೆಲ್ಲ ಬೇಡಿ ಬೇಡಿ ಅಂತ ಬರೀತೀರಲ್ಲ, ನೀವೂ ಒಂದ್ಸಲ ಬೇಡಿ ನೋಡೋಣ.”

ಗಡಿಯಾರ ಹತ್ತು ತೋರಿಸುತ್ತಿತ್ತು. ಮಾನ ಮರ್ಯಾದೆ ಮಡಚಿಟ್ಟು, “ಮಹಾತಾಯಿ, ನಿನ್ನ ದಮ್ಮಯ್ಯ, ಕೈಮುಗಿದು ಬೇಡ್ತೀನಿ!” ಎಂದೆ. ಒಳಗೆ ಕೈ ಮುಗಿದಿದ್ದು ಅವಳಿಗೆ ಕಾಣುವಂತಿರಲಿಲ್ಲ, ಆದರೂ ಮುಗಿದೆ.

ಅತ್ತೆ ಸೊಸೆ ಇಬ್ಬರೂ ಸೇರಿ ಹೆಗಲು ಕೊಟ್ಟರು. ಬಾಗಿಲು ಧಡಾರನೆ ತೆರೆದು ನನ್ನನ್ನು ಗಿರ್ರನೆ ತಿರುಗಿಸಿ ಹಸಿ ಮಾದರಿಯ ಮೇಲೆಯೇ ಬೋರಲು ಮಲಗಿಸಿತು. ಎದೆಯ ಮೇಲೆ ‘ಸದ್ದು ಮಾಡಬೇಡಿ’ ಉಲ್ಟಾ ಅಚ್ಚಾಗಿರುವಂತೆಯೇ “ಸಾರ್! ಸಾರ್!” ಎಂದು ಅರಚುತ್ತ ಗೇಟಿಗೆ ಓಡಿದೆ.

ಯಾರೂ ಇರಲಿಲ್ಲ. ಗೇಟಿನ ಸಂದಿಯಲ್ಲಿ ಒಂದು ಚೀಟಿ ಸಿಕ್ಕಿಸಿತ್ತು.

‘ಹತ್ತು ನಿಮಿಷ ಮೊದಲೇ ಬಂದೆ. ನಿಮ್ಮ ಅಕ್ಷರಗಳು ಮುತ್ತಿನಂತಿವೆ. ಒಳಗೆ ಬರಬೇಡಿ ಎಂದಿದ್ದರಿಂದ ಬರಲಿಲ್ಲ, ಒತ್ತಬೇಡಿ ಎಂದಿದ್ದರಿಂದ ಒತ್ತಲಿಲ್ಲ, ಕರೆಯಬೇಡಿ ಎಂದಿದ್ದರಿಂದ ಕರೆಯಲಿಲ್ಲ. ಗ್ರಂಥಾಲಯಗಳಿಗೆ ಜನ ಬರುವುದೇ ಅಪರೂಪ. ಇಷ್ಟು ಪರಿಣಾಮಕಾರಿ ಬೋರ್ಡು ನಮಗೆ ಬೇಡ. ಕ್ಷಮಿಸಿ.’

ಅಲ್ಲೇ ಗೇಟಿನ ಬುಡದಲ್ಲಿ ಕುಳಿತೆ. ಹೆಂಡತಿ ಚೀಟಿ ಕಿತ್ತುಕೊಂಡು ಓದಿ, ನನ್ನ ಬೆನ್ನು ಸವರಿದಳು.

“ಬೇಜಾರು ಮಾಡ್ಕೋಬೇಡಿ. ಕೊನೆಗೂ ನಿಮ್ಮ ಮಾತು ಕೇಳೋರು ಒಬ್ರು ಸಿಕ್ಕಿದ್ರಲ್ರೀ!”